ಓದಿ ಹೇಳಿದವಳು

ತರಗತಿಯಲ್ಲಿ ಯಾರಾದರೂ ಎದ್ದು ನಿಂತು, ಎಲ್ಲೂ ತಡವರಿಸದೆ, ಗಡಗಡನೆ ಪಾಠ ಓದಿ ಮುಗಿಸಿದರೆ ಈಗ ನನಗೆ ಸಿಟ್ಟು ಬರುತ್ತದೆ. ಮೊದಲು ಹೀಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಇಂಥ ಓದಿಗೆ "ಶಾಭಾಸ್, ಕೂತ್ಕೊ" ಎಂದು ಹೇಳುತ್ತ ಬಂದವಳು ನಾನೇ. ಓದಿದವಳನ್ನು ಕೂರಿಸಿ, ಏನು ಓದಿದೆ ಎಂದು ಕೇಳುವ ಬುದ್ಧಿ ಮಾತ್ರ ಬರಲಿಲ್ಲ. ಬಂದದ್ದು ತೀರಾ ತಡವಾಗಿ, ಅದೂ ಒಂದು ಉಪ್ಪುನೀರಿನ ಬಾವಿಯ ದೆಸೆಯಿಂದ.

ನಾನು ಇರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ, ಕೆಲಸ ಹರಿಹರದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಅರ್ಧ ಜನ ಹರಿಹರದವರು, ಇನ್ನರ್ಧ ಮಲೆಬೆನ್ನೂರಿನ ಕಡೆಯ ಭತ್ತದ ಊರುಗಳವರು. ಅವರೂ ಬಸ್ಸಿನಲ್ಲೇ ಬರುತ್ತಾರೆ, ಬೆವರಿ, ಬ್ಯಾಗು ಎದೆಗವಚಿಕೊಂಡು.

ಬಾವಿಯ ವಿಷಯ ಹೇಳುತ್ತೇನೆ. ಒಂದು ವರ್ಷ ಜೂನ್‌ ಕೊನೆಯಲ್ಲಿ ಒಂಬತ್ತನೇ ತರಗತಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ಒಂದು ಗದ್ಯಭಾಗ, ಅದರ ಕೆಳಗೆ ಪ್ರಶ್ನೆಗಳು. ಗದ್ಯದಲ್ಲಿ ಒಂದು ಊರಿನ ಬಾವಿಯ ಕಥೆ ಇತ್ತು. "ನೀರು ಉಪ್ಪಾಗಿದ್ದರೂ ಊರವರು ಬಾವಿಯನ್ನು ಮುಚ್ಚಲಿಲ್ಲ" ಎಂಬುದು ಒಂದು ಸಾಲು. ಅದಾದ ಮೂರು ಸಾಲಿನ ಮೇಲೆ, ಆ ಊರಿನ ದನಗಳು ಬೇರೆ ನೀರನ್ನು ಮೂಸಿಯೂ ನೋಡುತ್ತಿರಲಿಲ್ಲ ಎಂದಿತ್ತು. ಪ್ರಶ್ನೆ: ಊರವರು ಬಾವಿಯನ್ನು ಏಕೆ ಮುಚ್ಚಲಿಲ್ಲ? ಉತ್ತರಪತ್ರಿಕೆಗಳನ್ನು ಬಸ್ಸಿನಲ್ಲೇ ತಿದ್ದುತ್ತ ಕೂತಿದ್ದೆ. ಮೊದಲನೆಯದರಲ್ಲಿ ಉತ್ತರ: "ನೀರು ಉಪ್ಪಾಗಿದ್ದರೂ ಊರವರು ಬಾವಿಯನ್ನು ಮುಚ್ಚಲಿಲ್ಲ." ಎರಡನೆಯದರಲ್ಲೂ ಅದೇ. ಹತ್ತನೆಯದರಲ್ಲೂ ಅದೇ. ಇಡೀ ತರಗತಿ ಅದೇ ಸಾಲನ್ನು ಎತ್ತಿ ಬರೆದಿತ್ತು, ದುಂಡಗೆ, ಕೆಳಗೊಂದು ಗೆರೆ ಹೊಡೆದು. ತರಗತಿಗೆ ಮೊದಲು ಬರುವ ಹುಡುಗಿಯೂ ಹಾಗೇ ಬರೆದಿದ್ದಳು.

ಮೈ ಉರಿದುಹೋಯಿತು. ಮಕ್ಕಳ ಮೇಲಲ್ಲ. ಏಕೆಂದರೆ ಈ ವಿದ್ಯೆ ಅವರಿಗೆ ಕಲಿಸಿದ್ದು ನಾವು. ಪ್ರಶ್ನೆಯಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕು, ಸಿಕ್ಕ ಸಾಲನ್ನು ಹಾಗೇ ಎತ್ತು, ಅರ್ಧ ಅಂಕವಾದರೂ ಗ್ಯಾರಂಟಿ. ನಮ್ಮ ಸ್ಟಾಫ್ ರೂಮಿನಲ್ಲಿ ಇದಕ್ಕೆ "ಸಾಲು ಎತ್ತೋದು" ಎಂದೇ ಹೆಸರು. ದಡ್ಡ ಮಕ್ಕಳಿಗೆಂದು ಶುರುವಾದದ್ದು ಜಾಣರಿಗೂ ಅಂಟಿಕೊಂಡಿತ್ತು. ಓದುವ ಕೆಲಸ ಕಣ್ಣಿನದು, ಬರೆಯುವ ಕೆಲಸ ಕೈಯದು, ನಡುವೆ ತಲೆಗೆ ರಜೆ.

ಮರುದಿನದಿಂದ ನಾನು ಪಾಠ ಮಾಡುವ ರೀತಿಯನ್ನೇ ಬದಲಾಯಿಸಿದೆ. ಪುಸ್ತಕ ಮುಚ್ಚಿಸಿದೆ. ಪೆನ್ನು ಕೆಳಗಿಡಿಸಿದೆ. ನಾನು ಒಂದು ಪುಟವನ್ನು ನಿಧಾನವಾಗಿ ಓದುತ್ತೇನೆ, ಎಲ್ಲರೂ ಬರೀ ಕೇಳಬೇಕು. ಇನ್ನೊಮ್ಮೆ ಓದುತ್ತೇನೆ, ಮತ್ತೆ ಕೇಳಬೇಕು. ಆಮೇಲೆ ಐದೈದು ಜನರ ಗುಂಪಾಗಿ ಕೂತು, ಕೇಳಿದ್ದನ್ನು ತಮ್ಮ ಮಾತಿನಲ್ಲಿ, ತಮ್ಮ ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಬೇಕು. ಗುಂಪಿನಲ್ಲಿ ಓದಲು ಹಿಂದಿರುವವರು ಮೊದಲು ಮಾತಾಡಬೇಕು, ಮುಂದಿರುವವರು ಕೊನೆಗೆ. ಇಬ್ಬರ ಮಾತು ಬೇರೆಯಾದರೆ ಆಗ ಮಾತ್ರ ಪುಸ್ತಕ ತೆರೆಯಬಹುದು, ಜಗಳ ತೀರಿಸಲು.

ಮೊದಲ ವಾರ ಏನೂ ಆಗಲಿಲ್ಲ. ಹಿಂದಿನ ಬೆಂಚಿನವರು ಬಾಯಿ ಬಿಡಲಿಲ್ಲ, ಮುಂದಿನ ಬೆಂಚಿನವರು ಬಾಯಿ ಮುಚ್ಚಲಿಲ್ಲ. ತರಗತಿಗೆ ಮೊದಲು ಬರುವ ಹುಡುಗಿಯ ತಂದೆ ಬಂದು, ನಮ್ಮ ಮಗಳ ಟೈಮು ದಡ್ಡರ ಮಾತು ಕೇಳೋದ್ರಲ್ಲೇ ಹೋಗ್ತೈತೆ ಎಂದು ದೂರು ಕೊಟ್ಟು ಹೋದರು. ಪಕ್ಕದ ಕೋಣೆಯ ಗಣಿತದವರು ಗೋಡೆ ಬಡಿದರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು, "ಏನ್ರೀ ಮೇಡಂ, ಸಂತಿ ಮಾಡೀರಲ್ಲ ಕ್ಲಾಸ್‌ನ?" ಎಂದರು.

"ಪಾಠ ಸಾರ್."

"ಪಾಠ ಆದ್ರೆ ನಿಮ್ಮ ದನಿ ಕೇಳ್ಬೇಕಲ್ರೀ. ಇವ್ರದ್ದ್ಯಾಕ ಕೇಳ್ತೈತೆ?"

ನಮ್ಮಲ್ಲಿ ಮಕ್ಕಳ ಬಾಯಿ ಮುಚ್ಚಿದ್ದರೆ ಪಾಠ ಚೆನ್ನಾಗಿ ನಡೆಯುತ್ತಿದೆ ಎಂದು ಅರ್ಥ. ಕಾರಿಡಾರಿನಲ್ಲಿ ನಡೆದು ಹೋಗುವವರಿಗೆ ಅಷ್ಟು ಗೊತ್ತಾದರೆ ಸಾಕು.

ಇಷ್ಟರ ನಡುವೆ ಒಬ್ಬ ಹುಡುಗಿ ನನ್ನ ಗಮನಕ್ಕೆ ಬಂದಳು. ಮಲೆಬೆನ್ನೂರಿನ ಕಡೆಯ ಊರಿನವಳು. ತಂದೆ ಇಲ್ಲ, ತಾಯಿ ಗದ್ದೆ ಕೆಲಸಕ್ಕೆ ಹೋಗುತ್ತಾಳೆ. ಅವಳಿಗೆ ಓದು ಬರುತ್ತಿರಲಿಲ್ಲ ಎಂದೇ ಹೇಳಬೇಕು. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸುತ್ತಿದ್ದಳು. ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ಒಂದು ದಿನ ತಡವಾಗಿ ಬಂದಳು, ಯಾಕೆ ಎಂದು ಗದರಿದೆ. ಬಸ್ಸಿನಲ್ಲಿ ಜಗಳವಾಯಿತಂತೆ. ಒಬ್ಬ ಅಜ್ಜಿ ಆಧಾರ್ ಕಾರ್ಡಿನ ಜೆರಾಕ್ಸ್ ತೋರಿಸಿದ್ದಕ್ಕೆ ಕಂಡಕ್ಟರು ನಡೆಯೋಲ್ಲ ಎಂದನಂತೆ, ಅಜ್ಜಿ ಇಳಿಯೋಲ್ಲ ಎಂದಳಂತೆ. ಕಂಡಕ್ಟರು ಏನಂದ, ಅಜ್ಜಿ ಅದಕ್ಕೇನಂದಳು, ಹಿಂದಿನ ಸೀಟಿನವನು ನಡುವೆ ಬಂದು ಯಾರ ಪರ ಮಾತಾಡಿದ, ಕೊನೆಗೆ ಡ್ರೈವರು ಏನು ಹೇಳಿ ಗಾಡಿ ಬಿಟ್ಟ, ಎಲ್ಲವನ್ನೂ ಒಂದು ಮಾತು ಹಿಂದು ಮುಂದಾಗದಂತೆ ಹೇಳಿದಳು. ಹೇಳಿ, "ಅಜ್ಜಿದೂ ತಪ್ಪಿಲ್ರೀ ಮೇಡಂ. ಹೋದ ವಾರ ಇದೇ ಕಂಡಕ್ಟ್ರು ಅದೇ ಜೆರಾಕ್ಸ್‌ಗೆ ಹ್ಞೂಂ ಅಂದಿದ್ರು" ಎಂದು ಸೇರಿಸಿದಳು.

ತರಗತಿ ನಗುತ್ತಿತ್ತು. ನನಗೆ ನಗು ಬರಲಿಲ್ಲ. ನಾಲ್ಕು ಜನರ ಮಾತನ್ನು ಬೇರೆ ಬೇರೆಯಾಗಿ ಹಿಡಿದಿಟ್ಟುಕೊಂಡು, ಯಾರು ಯಾಕೆ ಹಾಗೆಂದರು ಎಂದು ತೂಗಿ, ಹೋದ ವಾರದ ಸಂಗತಿಯನ್ನು ಸಾಕ್ಷಿಗೆ ತರುವ ಹುಡುಗಿ ಇವಳು. ಒಂಬತ್ತು ವರ್ಷ ಶಾಲೆಗೆ ಬಂದಿದ್ದಾಳೆ. ಆ ಒಂಬತ್ತು ವರ್ಷದಲ್ಲಿ ಯಾರೂ ಇವಳಿಂದ ಕೇಳಿದ್ದು ಇಷ್ಟೇ: ಓದು ನೋಡೋಣ. ಓದಲು ಬರದಿದ್ದಾಗ, ಕೂತ್ಕೊ. ನನ್ನ ಜಾತಿಯವರ ಮೇಲೆ, ಅಂದರೆ ಮೇಷ್ಟ್ರುಗಳ ಜಾತಿಯ ಮೇಲೆ, ಆ ದಿನ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅವಳ ಬಗ್ಗೆ ನನಗೆ ಅವಸರವೂ ಇತ್ತು. ನಮ್ಮ ಶಾಲೆಯಲ್ಲಿ ಒಂಬತ್ತರಿಂದ ಹತ್ತಕ್ಕೆ ಹೋಗುವ ದಾರಿಯಲ್ಲಿ ಒಂದು ಜರಡಿ ಇದೆ. ಹತ್ತನೇ ತರಗತಿಯ ಫಲಿತಾಂಶ ನೂರಕ್ಕೆ ನೂರು ಎಂದು ಗೇಟಿನ ಮೇಲೆ ಬ್ಯಾನರು ಕಟ್ಟುತ್ತಾರೆ. ಅದು ನೂರೇ ಇರಬೇಕಾದರೆ ಫೇಲಾಗಬಹುದಾದವರು ಪರೀಕ್ಷೆಗೆ ಮೊದಲೇ ಇಲ್ಲವಾಗಬೇಕು. ಹೀಗಾಗಿ ಒಂಬತ್ತರ ಕೊನೆಯಲ್ಲಿ ಐದಾರು ಮಕ್ಕಳ ತಂದೆತಾಯಿಗಳನ್ನು ಕರೆಸಿ, ಬುದ್ಧಿ ಹೇಳಿ, ಟಿ.ಸಿ. ಕೈಗೆ ಕೊಟ್ಟು ಕಳಿಸುತ್ತಾರೆ. ಇನ್ನೊಂದು ಶಾಲೆ ಹುಡುಕಿಕೊಳ್ಳುವವರು ಹುಡುಕಿಕೊಳ್ಳುತ್ತಾರೆ. ಉಳಿದವರ ಓದು ಅಲ್ಲಿಗೆ ಮುಗಿಯಿತು. ಗದ್ದೆ ಕೆಲಸದ ತಾಯಿಯ ಮಗಳು ಯಾವ ಕಡೆಗೆ ಬೀಳುತ್ತಾಳೆ ಎಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ.

ಜರಡಿಗೆ ಒಂದು ಅಳತೆಯೂ ಇತ್ತು. ಫೆಬ್ರವರಿಯಲ್ಲಿ ಹೆಡ್‌ಮಾಸ್ಟರು ಒಬ್ಬೊಬ್ಬರನ್ನೇ ಕರೆದು, ಒಂದು ಪುಟ ಕೊಟ್ಟು, ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು, ಓದು ಎನ್ನುತ್ತಿದ್ದರು. ನಿಮಿಷದಲ್ಲಿ ಎಷ್ಟು ಸಾಲು ಓದಿದರೋ ಅಷ್ಟು. ಓದಿದ್ದೇನು ಎಂದು ಒಬ್ಬರನ್ನೂ ಕೇಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ನಾನೇ ಒಂದು ಪುಟ ಬರೆದುಕೊಂಡು ಹೋಗಿದ್ದೆ. ಹೊಳೆಯ ಮೇಲೆ ಸೇತುವೆ ಆಗುವ ಮುಂಚೆ ಜನರನ್ನು ದಾಟಿಸುತ್ತಿದ್ದ ಒಬ್ಬ ಅಂಬಿಗನ ಕಥೆ. ಸೇತುವೆ ಮುಗಿದು, ಮರುದಿನದಿಂದ ದೋಣಿ ಬೇಡ ಎಂದಾಗುತ್ತದೆ. ಆ ಕೊನೆಯ ದಿನ ಬೆಳಗ್ಗೆ ಅವನು ಎಂದಿನಂತೆ ಬೇಗ ಬೇಗ ದಾಟಿಸುತ್ತಾನೆ. ಸಂಜೆಯ ಕೊನೆಯ ಸರತಿಗೆ ಒಬ್ಬಳೇ ಹೆಂಗಸು. ಅವಳನ್ನು ಆಚೆ ದಡಕ್ಕೆ ಬಿಟ್ಟು ಖಾಲಿ ದೋಣಿಯಲ್ಲಿ ತಿರುಗಿ ಬರುವಾಗ ಅವನು ಬಹಳ ಹೊತ್ತು ತೆಗೆದುಕೊಳ್ಳುತ್ತಾನೆ. ಎರಡು ಸಲ ಓದಿದೆ. ಯಾಕೆ ಅಷ್ಟು ಹೊತ್ತು, ಮಾತಾಡಿಕೊಳ್ಳಿ ಎಂದೆ.

ತರಗತಿಗೆ ಮೊದಲು ಬರುವ ಹುಡುಗಿ ತನ್ನ ಸರದಿ ಬಂದಾಗ, "ಬೆಳಗ್ಗೆಯಿಂದ ದುಡಿದು ಸುಸ್ತಾಗಿತ್ತು" ಎಂದಳು. ಅವಳ ಗುಂಪು ಹೌದೆಂದಿತು. ಅದೇ ಗುಂಪಿನಲ್ಲಿದ್ದ, ಬಸ್ಸಿನ ಜಗಳ ಹೇಳಿದ ನಮ್ಮ ಹುಡುಗಿ, "ಖಾಲಿ ದೋಣಿ ನೂಕಾಕ ಏನು ಸುಸ್ತು?" ಎಂದಳು.

"ಖಾಲಿ ಅಂತ ಎಲ್ಲೈತೆ?"

"ಮೇಡಂ ಓದಿದ್ರಲ್ಲ, ನೀನು ಕೇಳ್ಲಿಲ್ಲೇನು?"

"ನಾನು ಕೇಳಿಲ್ಲ. ತೋರ್ಸು."

ಹಾಳೆ ಅವಳ ಕೈಗೆ ಹೋಯಿತು. ಬೆರಳಿಟ್ಟಳು. ಮೇಲಿನಿಂದ ಕೆಳಗೆ ಹುಡುಕಿದಳು. ಒಂದೊಂದೇ ಅಕ್ಷರ ಕೂಡಿಸಿ ಬಿಡಿಸಿ ಆ ಸಾಲನ್ನು ಹುಡುಕುವುದಕ್ಕೆ ಎಷ್ಟು ಹೊತ್ತಾಯಿತೆಂದರೆ, ಬೇರೆ ಗುಂಪುಗಳೂ ಮಾತು ನಿಲ್ಲಿಸಿ ಅವಳನ್ನೇ ನೋಡತೊಡಗಿದವು. ಯಾರೋ ಹೇಳಿಕೊಡಲು ಬಾಯಿ ತೆರೆದಾಗ, "ಸುಮ್ನಿರು, ನಾನೇ ಓದ್ತೀನಿ" ಎಂದಳು. ಸಿಕ್ಕಿತು. ಓದಿದಳು. ಓದಿ, "ಸುಸ್ತಲ್ಲ. ದಡ ಮುಟ್ಟಿದ್ರೆ ಕೆಲಸ ಮುಗೀತೈತೆ. ಮುಟ್ಟಾಕ ಮನಸಿಲ್ಲ ಅವನಿಗೆ" ಎಂದಳು.

ತರಗತಿಗೆ ಮೊದಲು ಬರುವ ಹುಡುಗಿ ಹಾಳೆ ಕಸಿದುಕೊಂಡು ಮತ್ತೆ ಮೇಲಿನಿಂದ ಓದಿದಳು. ಅವಳು ನಿಜವಾಗಿ ಓದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಓದಿ, ಹೌದು ಎಂದು ಒಪ್ಪಿಕೊಂಡಳು. ಆ ದಿನದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರತೊಡಗಿದರು. ದಿನವೂ ಜಗಳ, ದಿನವೂ ಪುಸ್ತಕ ತೆರೆಯುವುದು. ನಮ್ಮ ಹುಡುಗಿ ತಾನು ಹೇಳಿದ್ದು ಸರಿ ಎಂದು ತೋರಿಸಲಿಕ್ಕಾಗಿಯೇ ಓದಲು ಕಲಿಯುತ್ತಿದ್ದಳು. ನಿಧಾನವಾಗಿ, ಆದರೆ ಒಂದು ಪದವನ್ನೂ ಸುಮ್ಮನೆ ಬಿಡದೆ.

ಫೆಬ್ರವರಿಯ ಒಂದು ನಿಮಿಷದಲ್ಲಿ ಅವಳು ಓದಿದ್ದು ನಾಲ್ಕು ಸಾಲು. ಹೆಸರು ಪಟ್ಟಿಗೆ ಹೋಯಿತು.

ಹೆಡ್‌ಮಾಸ್ಟರ ಕೋಣೆಗೆ ಹೋದೆ. "ಸಾರ್, ಅದ್ರಾಗ ಏನೈತೆ ಅಂತ ಅವಳನ್ನ ಕೇಳ್ರಿ. ಇಪ್ಪತ್ತು ಸಾಲು ಓದಿದೋರನ್ನೂ ಕೇಳ್ರಿ. ಆಮೇಲೆ ಪಟ್ಟಿ ಮಾಡ್ರಿ" ಎಂದೆ. ದನಿ ಏರಿತ್ತು.

ಅವರು ಕೆಟ್ಟವರಲ್ಲ. ಆಡಳಿತ ಮಂಡಳಿಯವರ ಮುಂದೆ ಪ್ರತಿ ಮೇ ತಿಂಗಳು ಕೈಕಟ್ಟಿ ನಿಲ್ಲಬೇಕಾದವರು. "ಮೇಡಂ, ಪರೀಕ್ಷೆಯಾಗ ಬಾಯಿಲೆ ಹೇಳಿದ್ರೆ ಮಾರ್ಕ್ಸ್ ಕೊಡ್ತಾರೇನ್ರೀ? ಮೂರು ತಾಸಿನಾಗ ಆಕಿ ಪ್ರಶ್ನೆ ಓದಿ ಮುಗಿಸ್ಬೇಕಲ್ಲ, ಉತ್ರ ಬ್ಯಾರೆ ಮಾತು."

"ಇನ್ನೊಂದು ವರ್ಷ ಐತಲ್ಲ ಸಾರ್."

"ಫೇಲ್ ಆದ್ರೆ ನೀವು ಮಂಡಳಿಗೆ ಉತ್ರ ಕೊಡ್ತೀರಾ?"

ಕೊಡುತ್ತೇನೆ ಎನ್ನಬೇಕಿತ್ತು. ನೋಡೋಣ ಸಾರ್ ಎಂದು ಹೊರಗೆ ಬಂದೆ. ನನ್ನ ಸಿಟ್ಟಿನ ಹಣೆಬರಹವೇ ಇದು. ಬಾಗಿಲಾಚೆ ಬಂದ ಮೇಲೆ ಹತ್ತು ಪಟ್ಟು ಆಗುತ್ತದೆ.

ಏಪ್ರಿಲ್‌ನಲ್ಲಿ ಪಾಲಕರನ್ನು ಕರೆಸಿದರು. ಪಟ್ಟಿಯಲ್ಲಿ ಆರು ಮಕ್ಕಳು. ಮಾತು ಎಲ್ಲ ಹೆಡ್‌ಮಾಸ್ಟರೇ ಆಡುತ್ತಾರೆ, ನೀವು ಸುಮ್ಮನೆ ಪಕ್ಕದಲ್ಲಿ ಕೂತು ಒಪ್ಪಿಗೆ ಪತ್ರ ಓದಿ ಹೇಳಿದರೆ ಸಾಕು ಎಂದು ಗುಮಾಸ್ತರು ನನಗೆ ಹಾಳೆಗಳ ಕಟ್ಟು ಕೊಟ್ಟರು. "ನಿಮ್ಮದೇ ಡ್ರಾಫ್ಟಿಂಗ್ ಅಲ್ರೀ ಮೇಡಂ, ನೀವು ಓದಿದ್ರೇ ಚಂದ" ಎಂದರು.

ಹಾಳೆ ನೋಡಿದೆ. ಹೌದು, ನನ್ನದೇ. ನಮ್ಮ ಕಡೆ ಕನ್ನಡ ಟೀಚರ್ ಎಂದರೆ ಊರಿಗೆಲ್ಲ ಅರ್ಜಿ ಬರೆಯುವವಳು. ಬೋರ್‌ವೆಲ್ ಕೇಳುವ ಮನವಿ, ಬೀಳ್ಕೊಡುಗೆಯ ಮಾನಪತ್ರ, ಮಂಡಳಿಯ ನಡಾವಳಿ, ಲಗ್ನಪತ್ರಿಕೆಯ ಒಕ್ಕಣೆ, ಎಲ್ಲ ನನ್ನ ಮೇಜಿಗೇ ಬರುತ್ತವೆ. ಚೆನ್ನಾಗಿ ಬರೀತಾರೆ ಎಂದು ಹೊಗಳಿದರೆ ಬರೆದುಕೊಟ್ಟುಬಿಡುತ್ತೇನೆ. ನಾಲ್ಕು ವರ್ಷದ ಹಿಂದೆ ಇದನ್ನೂ ಹಾಗೇ ಬರೆದುಕೊಟ್ಟಿದ್ದೆ, ಊಟದ ಬಿಡುವಿನಲ್ಲಿ, ಕೈ ತೊಳೆಯುವ ಮೊದಲೇ. "ನನ್ನ ಪಾಲ್ಯಳಾದ ಈಕೆಯು ವ್ಯಾಸಂಗದಲ್ಲಿ ನಿರಾಸಕ್ತಳಾಗಿರುವುದರಿಂದಲೂ, ಕೌಟುಂಬಿಕ ಕಾರಣಗಳಿಂದಲೂ, ಆಕೆಯನ್ನು ಪ್ರಸ್ತುತ ಶಾಲೆಯಲ್ಲಿ ಮುಂದುವರಿಸಲು ಇಚ್ಛೆಯಿಲ್ಲದೆ, ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸಂತೋಷದಿಂದ ವರ್ಗಾವಣೆ ಪತ್ರವನ್ನು ಕೋರುತ್ತಿದ್ದೇನೆ." ಪುಲ್ಲಿಂಗಕ್ಕೆ ಬೇರೆ ಹಾಳೆ. ಎಂಥ ಗಟ್ಟಿ ವಾಕ್ಯ. ಒಂದೂ ತಪ್ಪಿಲ್ಲ.

ಬೆಳಗ್ಗೆ ಮೊದಲು ಬಂದವರು ಹರಿಹರದ ಒಬ್ಬ ಹುಡುಗನ ತಂದೆ. ಹೆಡ್‌ಮಾಸ್ಟರು ಬುದ್ಧಿ ಹೇಳಿದರು, ನಾನು ಓದಿದೆ, ಅವರು ಸಹಿ ಹಾಕಿದರು. ಎರಡನೆಯವರು ಮಲೆಬೆನ್ನೂರಿನ ದಾರಿಯ ಒಂದು ಊರಿನವರು, ಒಬ್ಬ ಹುಡುಗಿಯ ತಂದೆತಾಯಿ. ನಾನು ಓದಿದೆ. ಗಂಡ ಹೆಂಡತಿ ತಮ್ಮಲ್ಲೇ ಏನೋ ಪಿಸುಗುಟ್ಟಿಕೊಂಡು, ತಲೆದೂಗಿ ಸಹಿ ಹಾಕಿದರು. ನಾನು ಓದಿದ್ದು ಒಂದೇ ಸಲ, ಗಡಗಡನೆ, ಎಲ್ಲೂ ತಡವರಿಸದೆ. ಒಳಗೆ ಸಿಟ್ಟು ಕುದಿಯುತ್ತಿತ್ತು, ಹೆಡ್‌ಮಾಸ್ಟರ ಮೇಲೆ, ಮಂಡಳಿಯ ಮೇಲೆ, ಬ್ಯಾನರಿನ ಮೇಲೆ. ದನಿ ಮಾತ್ರ ನೆಟ್ಟಗಿತ್ತು.

ಮೂರನೆಯವಳು ನಮ್ಮ ಹುಡುಗಿಯ ತಾಯಿ. ಮಗಳೂ ಜೊತೆಗೆ ಒಳಗೆ ಬಂದಳು. ಮಕ್ಕಳು ಹೊರಗೆ ನಿಲ್ಲಬೇಕು ಎಂದು ಗುಮಾಸ್ತರು ಹೇಳಿದರೆ, "ನಮ್ಮವ್ವಗೆ ಓದಾಕ ಬರಲ್ರೀ" ಎಂದು ಅಲ್ಲೇ ನಿಂತಳು. ತಾಯಿ ಕುರ್ಚಿಯ ತುದಿಯಲ್ಲಿ ಕೂತಳು. ಹೆಡ್‌ಮಾಸ್ಟರು ಬಹಳ ಮೆತ್ತಗೆ ಮಾತಾಡಿದರು. "ನೋಡವ್ವಾ, ಮಗಳ ಒಳ್ಳೇದಕ್ಕೇ ಹೇಳ್ತೀನಿ. ಇಲ್ಲಿ ಪಾಠ ಭಾಳ ಕಷ್ಟ. ಬ್ಯಾರೆ ಕಡೆ ಹಾಕ್ರಿ, ಆರಾಮಾಗಿ ಪಾಸ್ ಆಗ್ತಾಳೆ. ಮೇಡಂ ಓದಿ ಹೇಳ್ತಾರೆ, ಹೆಬ್ಬೆಟ್ಟು ಒತ್ತು."

ನಾನು ಓದಿದೆ. ಮುಗಿದ ಕೂಡಲೇ ಗುಮಾಸ್ತರು ಶಾಯಿಯ ಪ್ಯಾಡು ಮುಂದಕ್ಕೆ ತಳ್ಳಿದರು. ತಾಯಿ ಕೈ ಸೆರಗಿಗೆ ಒರೆಸಿಕೊಂಡಳು.

"ಮೇಡಂ, ಇನ್ನೊಂದ್ಸಲ ಓದ್ರಿ" ಎಂದಳು ಹುಡುಗಿ.

ಹೆಡ್‌ಮಾಸ್ಟರು ಮುಖ ಗಂಟಿಕ್ಕಿದರು. "ಯಾಕ? ಕೇಳಿಸ್ಲಿಲ್ಲೇನು?"

"ಕೇಳಿಸ್ತು ಸಾರ್. ಒಂದು ಸಲಕ್ಕ ತಿಳಿಯಲ್ಲ. ಎರಡು ಸಲ ಓದ್ತಾರೆ ನಮ್ಮ ಮೇಡಂ."

ನಾನು ಎರಡನೇ ಸಲ ಓದಿದೆ. ಈ ಸಲ ನಿಧಾನವಾಗಿ, ತರಗತಿಯಲ್ಲಿ ಓದುವಂತೆ. ನಾನೇ ಬರೆದ ಪದಗಳು ಒಂದೊಂದೂ ಬಾಯಲ್ಲಿ ಕಲ್ಲಿನಂತೆ ಸಿಕ್ಕವು. ಅವಳು ಕಣ್ಣು ಮುಚ್ಚಿ ಕೇಳಿದಳು. ಕೇಳಿ, ತಾಯಿಯ ಕಡೆ ತಿರುಗಿ ಹೇಳತೊಡಗಿದಳು. "ಅವ್ವಾ, ಇದು ನೀನು ಹೇಳ್ದಂಗ ಬರದಾರೆ. ನನ್ನ ಮಗಳಿಗೆ ಓದಾಕ ಮನಸಿಲ್ಲ. ಮನ್ಯಾಗೂ ತೊಂದ್ರೆ ಐತೆ. ಅದಕ್ಕ ಈ ಸಾಲಿ ನನಗೇ ಬ್ಯಾಡ. ಯಾರೂ ನನ್ನ ಒತ್ತಾಯ ಮಾಡಿಲ್ಲ. ನಾನು ಖುಷೀಲೆ ಟಿ.ಸಿ. ಕೇಳಾಕ ಬಂದೀನಿ. ಅಂತ ನೀನು ಅಂದೀಯಂತೆ."

ತಾಯಿ ಕೈ ಹಿಂದಕ್ಕೆ ತೆಗೆದುಕೊಂಡಳು. "ನಾನ್ಯಾವಾಗ ಹಂಗಂದೆ?"

ಗುಮಾಸ್ತರು ಶಾಯಿಯ ಪ್ಯಾಡನ್ನು ತಮ್ಮ ಕಡೆ ಎಳೆದುಕೊಂಡರು.

"ಅದು ಆಫೀಸಿನ ನಮೂನೆ ಕಣವ್ವ, ಎಲ್ರಿಗೂ ಹಂಗೇ ಇರ್ತೈತೆ" ಎಂದರು ಹೆಡ್‌ಮಾಸ್ಟರು.

"ಎಲ್ರೂ ಹಂಗಂದಾರೇನ್ರೀ?" ತಾಯಿ ಎದ್ದು ನಿಂತಳು. "ಗದ್ದಿ ಕೆಲಸ ಬಿಟ್ಟು ಬಂದೀನಿ ನಾನು. ನೀವು ಕರದ್ರಿ ಅಂತ ಬಂದೀನಿ. ನಾನು ಕೇಳಾಕ ಬಂದಿಲ್ಲ. ಅಕ್ಕೋರೆ, ನೀವೇ ಹೇಳ್ರಿ, ನನ್ನ ಮಗಳಿಗೆ ಓದಾಕ ಮನಸಿಲ್ಲೇನು?"

"ಐತೆ" ಎಂದೆ. ಆ ಕೋಣೆಯಲ್ಲಿ ನಾನು ನನ್ನದೆಂದು ಆಡಿದ ಮಾತು ಅದೊಂದೇ.

"ಹಂಗಾದ್ರೆ ಇದನ್ನ ಬರದೋರು ಯಾರು ಸಾರ್?" ಎಂದಳು ಹುಡುಗಿ.

ಹೆಡ್‌ಮಾಸ್ಟರು ನನ್ನ ಕಡೆ ನೋಡಲಿಲ್ಲ. ಅವರ ದೊಡ್ಡತನ. ಗುಮಾಸ್ತರೂ ನೋಡಲಿಲ್ಲ. ನಾನು ಹಾಳೆಯ ಅಂಚನ್ನು ನೋಡುತ್ತ ಕೂತೆ. ನಾನೇ ಎಂದು ಹೇಳಲು ಎರಡು ಅಕ್ಷರ ಸಾಕಿತ್ತು.

ತಾಯಿ ಹೆಬ್ಬೆಟ್ಟು ಒತ್ತಲಿಲ್ಲ. ಹೊರಗೆ ಕಾಯುತ್ತಿದ್ದ ಮೂರು ಮನೆಯವರಿಗೆ ಹುಡುಗಿ ಕಾರಿಡಾರಿನಲ್ಲೇ ಮತ್ತೆ ಅದೇ ಮಾತು ಹೇಳಿದಳಂತೆ. ಅವರೂ ಒಬ್ಬೊಬ್ಬರಾಗಿ ಒಳಗೆ ಬಂದು, ನಾವೇನೂ ಟಿ.ಸಿ. ಕೇಳಿಲ್ಲ ಎಂದರು. ಹೆಡ್‌ಮಾಸ್ಟರು ಮೇಜಿನ ಮೇಲಿದ್ದ ಕಟ್ಟನ್ನು ನನ್ನ ಕಡೆ ಸರಿಸಿ, "ಇದೇ ಏನ್ರೀ ನಿಮ್ಮ ಗುಂಪು ಚರ್ಚೆ?" ಎಂದರು. ಇದೇ ಸಾರ್ ಎಂದೆ. ಆ ಸಂಜೆ ಬಸ್ಸಿನಲ್ಲಿ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ. ಇಡೀ ವರ್ಷದ ಪಾಠ ಕಣ್ಣೆದುರು ಫಲಿಸಿತ್ತು. ನಾಲ್ಕು ಮಕ್ಕಳು ಉಳಿದರು ಎಂದು ಎಣಿಸಿದೆ. ಆರರಲ್ಲಿ ನಾಲ್ಕು ಹೋದರೆ ಎಷ್ಟು ಉಳಿಯುತ್ತದೆ ಎಂದು ಎಣಿಸಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಹತ್ತನೇ ತರಗತಿಗೆ ನಾನೇ ಕನ್ನಡ. ಮೊದಲ ದಿನ ಒಳಗೆ ಹೋದಾಗ ಮಕ್ಕಳು ಆಗಲೇ ಗುಂಪಾಗಿ ಕೂತಿದ್ದರು. ನಮ್ಮ ಹುಡುಗಿಯ ಕಣ್ಣಲ್ಲಿ ಎಂಥ ಖುಷಿ. ಅದನ್ನು ನೋಡಿ ತಡೆಯಲಾಗಲಿಲ್ಲ. ರಜೆಯಲ್ಲೆಲ್ಲ ನನ್ನನ್ನು ತಿನ್ನುತ್ತಿದ್ದ ಮಾತನ್ನು ಹೇಳಿಬಿಟ್ಟೆ. ಆ ದಿನ ನೀನು ಕೇಳಿದೆಯಲ್ಲ, ಆ ಪತ್ರ ಬರೆದವಳು ನಾನು ಎಂದೆ.

ಅವಳು ಎದ್ದು ನಿಂತಳು. ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು. ಪಾಠದ ಬಗ್ಗೆ ಕೇಳುವ ಹಾಗೆಯೇ ಕೇಳಿದಳು. "ಬರಿಯೋವಾಗ ನಿಮಗೆ ಅರ್ಥ ಆಗಿತ್ತೇನ್ರೀ ಮೇಡಂ?"

ಇಲ್ಲ ಎನ್ನಬಹುದಿತ್ತು. ಅವಸರದಲ್ಲಿ ಬರೆದೆ, ನಮೂನೆ ಹಾಗಿತ್ತು, ಎಷ್ಟು ನೆಪ ಬೇಕು. ಬಾವಿಯ ಸಾಲು ಎತ್ತಿ ಬರೆದ ಮಕ್ಕಳಿಗೆ ಅದು ಅರ್ಥವಾಗಿರಲಿಲ್ಲ. ನನಗೆ ಆಗಿತ್ತು. "ಯಾರ ಒತ್ತಾಯಕ್ಕೂ ಒಳಗಾಗದೆ" ಎಂದು ಸೇರಿಸಿದ್ದು ನಾನೇ, ಯಾರೂ ಕೇಳಿರಲಿಲ್ಲ. ಮುಂದೆ ಶಾಲೆಗೆ ತೊಂದರೆಯಾಗದಿರಲಿ ಎಂದು.

"ಆಗಿತ್ತು" ಎಂದೆ.

"ಅವರಿಬ್ರಿಗೂ ಇದನ್ನ ಹೇಳೀರೇನ್ರೀ?"

ಅವರಿಬ್ಬರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಇಲ್ಲ ಎಂದೆ. ಅವಳು ಕೂತಳು. ಇಡೀ ತರಗತಿ ಸುಮ್ಮನಿತ್ತು. ಕಾರಿಡಾರಿನಲ್ಲಿ ಹೋಗುತ್ತಿದ್ದವರಿಗೆ ಪಾಠ ಬಹಳ ಚೆನ್ನಾಗಿ ನಡೆಯುತ್ತಿದೆ ಎನಿಸಿರಬೇಕು.

ಹರಿಹರದ ಹುಡುಗನನ್ನು ಅವನ ತಂದೆ ದಾವಣಗೆರೆಯಲ್ಲಿ ಬೇರೆ ಶಾಲೆಗೆ ಹಾಕಿದ್ದಾರೆಂದು ಗುಮಾಸ್ತರಿಂದ ತಿಳಿಯಿತು. ಅವತ್ತು ಸಹಿ ಹಾಕಿ ಹೋದ ಎರಡನೆಯ ಮನೆಯ ಹುಡುಗಿಯ ವಿಷಯ ಯಾರಿಗೂ ಗೊತ್ತಿರಲಿಲ್ಲ. ಸಂಜೆ ದಾವಣಗೆರೆಯ ಬಸ್ಸು ಬಿಟ್ಟು ಮಲೆಬೆನ್ನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕೂಡಿಸಿ ಕಳೆದೆ. ಪತ್ರ ತಪ್ಪು, ಟಿ.ಸಿ. ವಾಪಸು ತನ್ನಿ, ಸೇರಿಸಿಕೊಳ್ಳದಿದ್ದರೆ ನಾನೇ ಆಡಳಿತ ಮಂಡಳಿಯ ಮುಂದೆ ಹೋಗಿ ಜಗಳವಾಡುತ್ತೇನೆ. ಅವರು ಬೈದರೆ ಬೈಯಲಿ. ಬೈಯಬೇಕು ಎಂದೇ ಬಯಸಿದ್ದೆ.

ಊರು ಇಳಿದು ಮನೆ ವಿಚಾರಿಸಿಕೊಂಡು ಹೋದೆ. ತಾಯಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಕಂಡು ಗಡಬಡಿಸಿ ಎದ್ದು, "ಬರ್ರಿ ಅಕ್ಕೋರೆ, ಕೂಡ್ರಿ" ಎಂದು ಚಾಪೆ ಹಾಸಿದಳು. ಹುಡುಗಿ ಎಲ್ಲಿ ಎಂದು ಕೇಳಿದೆ. ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ, ಬರುವ ಹೊತ್ತಾಯಿತು ಎಂದಳು. ಬೇರೆ ಶಾಲೆಗೆ ಹಾಕಲಿಲ್ಲವೇ ಎಂದೆ. ಇಲ್ಲ ಎಂದು ಸುಮ್ಮನೆ ತಲೆಯಾಡಿಸಿದಳು.

"ಆ ಕಾಗದದಾಗ ಏನು ಬರೆದಿತ್ತು ಅಂತ ನಿಮಗೆ ಗೊತ್ತೈತೇನ್ರೀ?" ಎಂದು ಕೇಳಿದೆ.

"ನಮಗೇನು ತಿಳೀತೈತ್ರೀ ಅದು, ದೊಡ್ಡ ದೊಡ್ಡ ಮಾತು" ಎಂದಳು ಅವಳು, ಲೋಟದಲ್ಲಿ ನೀರು ಕೊಡುತ್ತ. "ಮನೆಯವ್ರು ಸೈನು ಬ್ಯಾಡ ಅಂತಿದ್ರು ಅವತ್ತು. ನಾನೇ ಅಂದೆ, ಹೆಡ್‌ಮಾಸ್ಟ್ರು ಹೇಳಿದ್ರೆ ಬಿಡ್ರಿ, ಅಕ್ಕೋರು ಓದಿ ಹೇಳ್ಯಾರಲ್ಲ, ನಮ್ಮ ಹುಡುಗ್ರಿಗೆ ಕೆಟ್ಟದ್ದಿದ್ರೆ ಅವ್ರು ಓದ್ತಿದ್ರೇನು, ಹಾಕ್ರಿ ಅಂತ."

ನೀರಿನ ಲೋಟ ಕೈಯಲ್ಲೇ ಇತ್ತು. ಹುಡುಗಿ ಬರುವವರೆಗೆ ಕೂತಿರುತ್ತೇನೆ ಎಂದು ಹೇಳಿದೆ.